ನೀನು ಕಿತ್ತ ಜೇಕು

ಕಾರಟಗಿ,
ರವಿವಾರ, 28-9-2025

ಸೌಭಾಗ್ಯವತಿ ಫಕೀರಮ್ಮನಿಗೆ, ನಿನ್ನ ಗಂಡ ಪಂಪಾಪತಿ ಬರೆಯುವುದು.

ಕಾಗದದ ಮೊದಲಿಗೆ ಕ್ಷೇಮ ಸಮಾಚಾರ ಬರೆಯುವುದು ಪದ್ಧತಿ. ನನ್ನ ಎಡಗಾಲಿನ ಮೊಣಕಾಲು ಒಂದನ್ನು ಬಿಟ್ಟರೆ ಇಲ್ಲಿ ಎಲ್ಲ ನೆಟ್ಟಗಿದೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಹತ್ತಿರ ಫೋನಿಲ್ಲ, ನಿನ್ನ ಅಣ್ಣ ಕಲ್ಲೇಶ ನನ್ನ ದನಿ ಕೇಳಿದ ಕೂಡಲೇ ಕಟ್ ಮಾಡುತ್ತಾನೆ. ಮೂರು ವರ್ಷದಿಂದ ಮಾಡುತ್ತಿದ್ದಾನೆ, ಅವನದೇನೂ ತಪ್ಪಿಲ್ಲ. ಈ ಕಾಗದವನ್ನು ಅವನ ಮಗಳ ಕೈಲಿ ಓದಿಸಬೇಡ. ಅಕ್ಷರ ಕೂಡಿಸಿಕೊಂಡು ನೀನೇ ಓದು. ಬಿಸಿಯೂಟದ ಹಾಜರಿ ಪುಸ್ತಕದಲ್ಲಿ ದಿನಾ ಸಹಿ ಮಾಡುವವಳಿಗೆ ಇಷ್ಟು ಓದಲು ಬಂದೇ ಬರುತ್ತದೆ. ನಿನಗಾಗಿ ಅಕ್ಷರ ದೊಡ್ಡದು ಮಾಡಿ ಬರೆದಿದ್ದೇನೆ.

ನಿನ್ನೆ ನಮ್ಮ ಹಳೆಯ ಓಣಿಯ ರಾಜಾಸಾಬರು ಯಲಬುರ್ಗಾ ಕಡೆ ಅಕ್ಕಿ ಇಳಿಸಿ ಬಂದವರು ಟೆಂಪೊ ನಿಲ್ಲಿಸಿ ನೇರ ಸಾವುಕಾರರ ತೋಟಕ್ಕೇ ಬಂದರು. ಹೋದ ಸೋಮವಾರ ಅವರ ಕೈಲಿ ಕಳಿಸಿದ ಹಸಿರು ಸೀರೆ ನಿನ್ನ ತವರು ಬೇವೂರಿನಲ್ಲಿ ನಿನಗೆ ಮುಟ್ಟಿತು ಅಂತ ಹೇಳಿದರು. ಸೂಟಿಯಲ್ಲಿ ಸಾಲಿಯ ಅಡುಗೆ ಕೋಣೆ ತೊಳೆಯುತ್ತಿದ್ದವಳು ಬಾಗಿಲಲ್ಲೇ ಬಿಚ್ಚಿ ನೋಡಿದೆಯಂತೆ, ಸೆರಗಿನ ಅಂಚನ್ನು ಎರಡು ಸಲ ಸವರಿದೆಯಂತೆ. “ದಸರಾ ಮುಗಿಲಿ, ಇದನ್ನ ಉಟ್ಕೊಂಡ ಕಾರಟಗಿಗೆ ಬರ್ತೀನಂತ ಹೇಳ್ರಿ” ಅಂದೆಯಂತೆ. ರಾಜಾಸಾಬರು ಇದನ್ನು ಹೇಳುವಾಗ ತಾವೇ ನಿಂತು ಸಂಬಂಧ ಕುದುರಿಸಿದವರ ಹಾಗೆ ನಗುತ್ತಿದ್ದರು. ನಾನೂ ನಕ್ಕೆ. ಅವರು ಹೋದ ಮೇಲೆ ಕೊಳದ ದಂಡೆಯ ಮೇಲೆ ಕೂತವನು ಮಧ್ಯಾಹ್ನದ ತನಕ ಏಳಲಿಲ್ಲ.

ಆ ಮಾತಿಗಾಗಿಯೇ ಈ ಕಾಗದ. ಫಕೀರಮ್ಮ, ಈಗ ಬರಬೇಡ. ಹಬ್ಬಕ್ಕೆ ಸಾವುಕಾರರ ಮನೆ ತುಂಬ ಬೀಗರಿರುತ್ತಾರೆ, ತೋಟದಲ್ಲಿ ಶಾಮಿಯಾನ ಹಾಕುತ್ತಾರೆ, ನನಗೆ ಕೈ ಬಿಡುವಿರುವುದಿಲ್ಲ. ದೀಪಾವಳಿ ಕಳೆದ ಮೇಲೆ ನಾನೇ ಬೇವೂರಿಗೆ ಬರುತ್ತೇನೆ. ಇದೇ ಮಾತನ್ನು ಹೋದ ವರ್ಷವೂ ಹೇಳಿ ಕಳಿಸಿದ್ದೆ, ಅದರ ಹಿಂದಿನ ವರ್ಷವೂ ಕಳಿಸಿದ್ದೆ. ನೀನು ನಂಬುವುದಿಲ್ಲ ಅಂತ ಗೊತ್ತು. ಸೀರೆ ನೋಡಿ ಮನಸ್ಸು ಕರಗಿಸಿಕೊಂಡಿದ್ದರೆ ಅದರ ಬಣ್ಣ ಆರಿಸಿದ್ದು ನಾನಲ್ಲ, ಈ ಮನೆಯ ಅಮ್ಮಾರು, ಸಾವುಕಾರರ ಹೆಂಡತಿ. ಅಷ್ಟು ಹೇಳಿಬಿಡುವುದು ಒಳ್ಳೆಯದು.

ಈ ಕಾಗದದ ಜೊತೆ ಒಂದು ಹಳೆಯ ಬಣ್ಣದ ಡಬ್ಬಿ ಬರುತ್ತದೆ. ಅದರಲ್ಲಿ ಅರ್ಧ ನೀರಿದೆ, ನೀರಿನಲ್ಲಿ ಛತ್ರಿ ಗಿಡದ ಐದು ತುದಿಗಳು ತಲೆಕೆಳಗಾಗಿ ನಿಂತಿವೆ. ಛತ್ರಿ ಗಿಡ ಅನ್ನುವುದು ದೊಡ್ಡವರು ಇಟ್ಟ ಹೆಸರು. ಇಲ್ಲಿ ಗೇಟು ಕಾಯುವ ಗಾಳೇಶ ಅದನ್ನು ಗದ್ದೆಯ ಕಳೆಗೆ ಹೋಲಿಸಿ ಸಾವುಕಾರರ ಜೇಕು ಅನ್ನುತ್ತಾನೆ. ಹೌದು, ಮತ್ತೆ ಜೇಕೇ. ನೀನು ಮೂಗು ಮುರಿಯುವುದು ನನಗೆ ಇಲ್ಲಿಂದಲೇ ಕಾಣುತ್ತದೆ. ಡಬ್ಬಿಯನ್ನು ಎಸೆಯುವ ಮೊದಲು ಕಾಗದ ಪೂರ್ತಿ ಓದು.

ತಲೆಕೆಳಗಾಗಿ ಇಟ್ಟದ್ದು ನನ್ನ ಮರೆವಲ್ಲ. ದಂಟಿನ ತುದಿಯಲ್ಲಿ ಛತ್ರಿಯ ಕಡ್ಡಿಗಳ ಹಾಗೆ ಎಲೆ ಹರಡಿರುತ್ತದಲ್ಲ, ಅದರ ಕೆಳಗೆ ಎರಡು ಬೆರಳು ದಂಟು ಬಿಟ್ಟು ಕೊಯ್ಯಬೇಕು, ಎಲೆಗಳನ್ನು ಅರ್ಧಕ್ಕೆ ಕತ್ತರಿಸಬೇಕು, ಆಮೇಲೆ ಮುಖ ಕೆಳಗೆ ಮಾಡಿ ನೀರಿಗೆ ಬಿಡಬೇಕು. ನೆರಳಿನಲ್ಲಿ ಇಟ್ಟರೆ ಹದಿನೈದು ಇಪ್ಪತ್ತು ದಿನಕ್ಕೆ ಎಲೆಗಳ ಸಂದಿನಿಂದ ಬಿಳಿ ಬೇರು ಇಳಿಯುತ್ತದೆ, ಪಕ್ಕದಲ್ಲೇ ಹಸಿರು ಮೊಳಕೆ ಮೇಲಕ್ಕೆ ಏಳುತ್ತದೆ. ಬೇರು ಬೆರಳುದ್ದ ಆದಾಗ ಕೆಸರಿಗೆ ನೆಡು. ನಿಮ್ಮ ಸಾಲಿಯ ಮಕ್ಕಳು ಊಟದ ತಟ್ಟೆ ತೊಳೆಯುವ ನಲ್ಲಿಯ ಕೆಳಗೆ ಯಾವಾಗಲೂ ಹಸಿ ಇರುತ್ತದೆ, ಅಲ್ಲಿ ಹಾಕು. ಇದರ ಕಾಲು ಸದಾ ನೀರಿನಲ್ಲಿರಬೇಕು, ಒಂದು ದಿನ ಒಣಗಿದರೂ ತಲೆ ಬಾಗಿಸುತ್ತದೆ. ಬೋರಿನ ಸವಳು ನೀರಿಗೆ ಎಲೆಯ ತುದಿ ಕಂದು ಬಣ್ಣಕ್ಕೆ ತಿರುಗುತ್ತದೆ. ಬೇಸಿಗೆಯಲ್ಲಿ ಕಾಲುವೆ ಬಂದ್ ಆದಾಗ ಇಲ್ಲಿಯೂ ಹಾಗೇ ಆಗುತ್ತದೆ, ಗಾಬರಿಯಾಗಬೇಡ. ಮುದಿಯಾಗಿ ಹಳದಿಯಾದ ದಂಟನ್ನು ಬುಡಕ್ಕೇ ಕೊಯ್ದು ತೆಗೆ. ಮಳೆಗಾಲ ಬಂದಾಗ ಬುಡ ಒಡೆದು ಎರಡು ಮಾಡು.

ಬಿಳಿ ಗೆರೆಯ ಜಾತಿಯೊಂದಿತ್ತು, ನೋಡಲು ಭಾಳ ಚಂದ. ಅದನ್ನು ಕಳಿಸಲಿಲ್ಲ. ಅದರೊಳಗೆ ಆಗಾಗ ಬರೀ ಹಸಿರು ದಂಟೊಂದು ಹುಟ್ಟುತ್ತದೆ, ಅದನ್ನು ಕಂಡ ದಿನವೇ ಬುಡದಿಂದ ತೆಗೆಯಬೇಕು, ಇಲ್ಲದಿದ್ದರೆ ಇಡೀ ಗಿಡ ತನ್ನ ಹಳೆಯ ಬಣ್ಣಕ್ಕೆ ಹೋಗಿಬಿಡುತ್ತದೆ. ನಾನು ಇವತ್ತು ನಾಳೆ ಅಂತ ಬಿಟ್ಟೆ. ಈಗ ಒಂದು ಗೆರೆಯೂ ಉಳಿದಿಲ್ಲ. ಅಮ್ಮಾರು ಕೇಳಿದ್ದಕ್ಕೆ ಬಿಸಿಲಿಗೆ ಹಂಗಾಗ್ತದರೀ ಅಂದೆ. ಸುಳ್ಳು ನನ್ನ ಬಾಯಿಗೆ ಬೇಗ ಬರುತ್ತದೆ, ನಿನಗೆ ತಿಳಿಯದ್ದೇನಲ್ಲ.

ಅವತ್ತಿನ ಮಾತನ್ನು ಬರೆಯದೆ ಎಷ್ಟು ಹೊತ್ತು ಗಿಡದ ಸುತ್ತ ತಿರುಗಲಿ. ಮೂರು ವರ್ಷದ ಹಿಂದೆ, ಮುಂಗಾರಿನ ಮಿರ್ಗದ ಮಳೆ ಬಿದ್ದು ನಾಲ್ಕು ದಿನ ಆಗಿತ್ತು. ನಾನು ಈ ತೋಟದ ಕೆಲಸಕ್ಕೆ ಸೇರಿ ಹದಿನೈದು ದಿನ. ಸಾವುಕಾರರ ಸೊಸೆ ಹೈದರಾಬಾದಿನಿಂದ ತರಿಸಿದ ಗಿಡಗಳನ್ನು ಹಿಂದಿನ ಸಂಜೆಯೇ ಕೊಳದ ಸುತ್ತ ನೆಟ್ಟಿದ್ದೆ. ಕಳೆ ತೆಗೆಯಲು ಒಬ್ಬ ಹೆಣ್ಣಾಳು ಬೇಕು ಅಂದರು, ನಿನ್ನನ್ನು ಕರೆತಂದೆ. ಬಂದು ತಿಂಗಳಾಗಿಲ್ಲ, ಆಗಲೇ ತನ್ನವರನ್ನು ತಂದು ತುಂಬುತ್ತಾನೆ ಅಂದಾರು ಅಂತ ಹೆಂಡತಿ ಎಂದು ಹೇಳಲಿಲ್ಲ. ಕೊಳದ ಸುತ್ತ ಇರುವುದು ನೆಟ್ಟ ಗಿಡ, ಕೈ ಹಚ್ಚಬೇಡ ಅಂತ ನಿನಗೂ ಹೇಳಲಿಲ್ಲ. ಪಂಪು ನೋಡಲು ಹೋದೆ.

ತಿರುಗಿ ಬರುವಷ್ಟರಲ್ಲಿ ನಲವತ್ತು ಗಿಡವನ್ನೂ ಕಿತ್ತು, ಬೇರುಗಳೆಲ್ಲ ಒಂದೇ ಕಡೆ ಬರುವ ಹಾಗೆ ಜೋಡಿಸಿ ಬಿಸಿಲಿಗೆ ಹಾಕಿದ್ದೆ. ಹನ್ನೆರಡು ವರ್ಷದವಳಿದ್ದಾಗಿನಿಂದ ಭತ್ತದ ಗದ್ದೆಯಲ್ಲಿ ಬಗ್ಗಿ ಜೇಕು ಕಿತ್ತ ಕೈ ಅದು. ಹೆಬ್ಬೆರಳು ತೋರುಬೆರಳಿನ ನಡುವೆ ದಂಟು ಹೊರಳಿಸಿ, ಮೂರು ಅಂಚು ತಾಗಿದರೆ ಜೇಕು, ತಾಗದಿದ್ದರೆ ಭತ್ತ ಅಂತ ಕಣ್ಣು ಮುಚ್ಚಿ ಹೇಳುತ್ತಿದ್ದವಳು ನೀನು. “ನೋಡ್ರಿ, ಎಷ್ಟ್ ಹಬ್ಬಿತ್ತು. ಒಂದ ಬೇರೂ ಬಿಟ್ಟಿಲ್ಲ” ಅಂದೆ. ನಿನ್ನ ಮುಖದಲ್ಲಿ ಆ ಸಮಾಧಾನ ಇನ್ನೂ ಇತ್ತು. ಆಗ ಸಾವುಕಾರರು ಬಂದರು.

ಅವರು ಬೈದದ್ದು ನನಗೆ ನೆನಪಿಲ್ಲ. ಬೈದ ಮೇಲೆ “ಯಾರಕಿ ಈಕಿ, ನಿಮ್ಮಾಕಿ ಏನು?” ಅಂತ ಕೇಳಿದ್ದು ನೆನಪಿದೆ. “ಅಲ್ರಿ ಧಣೇರ, ಯಾರೋ ಕೂಲಿಯಾಕಿ, ಇವತ್ತ ಬಂದಾಳ. ನನಗ ಗುರ್ತಿಲ್ರಿ” ಅಂದೆ. ನೀನು ಮೂರು ಮೊಳ ದೂರದಲ್ಲಿ ನಿಂತಿದ್ದೆ. ಅಳಲಿಲ್ಲ, ಜಗಳ ತೆಗೆಯಲಿಲ್ಲ. ಕೊಳದಲ್ಲಿ ಕೈ ತೊಳೆದು, ಕಳೆ ತೆಗೆಯುವ ಕುರ್ಚಿಗಿಯನ್ನು ಹುಲ್ಲಿಗೆ ಒರೆಸಿ ನನ್ನ ಪಕ್ಕದ ಕಲ್ಲಿನ ಮೇಲೆ ಇಟ್ಟೆ. ಅದು ನಮ್ಮ ಮನೆಯ ಕುರ್ಚಿಗಿಯೇ. “ಕೂಲಿ ಬ್ಯಾಡ್ರಿ, ಕೆಲಸ ಕೆಡಿಸೀನಿ” ಅಂತ ಸಾವುಕಾರರಿಗೆ ಹೇಳಿ, ನನ್ನ ಕಡೆಯೂ ತಿರುಗಿ ಊರ ಮಂದಿಗೆ ಹೇಳಿದ ಹಾಗೆ ಬರ್ತೀನ್ರಿ ಅಂದೆ. ನನ್ನ ಸುಳ್ಳನ್ನು ನೀನು ಅಲ್ಲೇ ನಡೆಸಿಕೊಟ್ಟೆ. ಸಂಜೆ ಮನೆಗೆ ಬಂದರೆ ಕಸ ಗುಡಿಸಿತ್ತು, ಕೊಡ ತುಂಬಿತ್ತು, ಒಲೆ ತಣ್ಣಗಿತ್ತು. ಕುಷ್ಟಗಿ ಬಸ್ಸು ಹತ್ತಿದಳು ಅಂತ ರಾಜಾಸಾಬರು ಹೇಳಿದರು.

ನಿನಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಕಿತ್ತ ಗಿಡಗಳನ್ನು ತಿಪ್ಪೆಗೆ ಹಾಕಲು ಹೇಳಿದ್ದರು. ಬೇರುಗಳೆಲ್ಲ ಬಿಸಿಲಿಗೆ ಸುಟ್ಟು ಹೋಗಿದ್ದವು. ಗಂಗಾವತಿಯ ನರ್ಸರಿಯಲ್ಲಿರುವ ಅಬ್ದುಲರೌಫರಿಗೆ ಫೋನ್ ಮಾಡಿ ಕೇಳಿದೆ, ಅವರು ಈ ತಲೆಕೆಳಗು ಮಾಡುವ ಉಪಾಯ ಹೇಳಿಕೊಟ್ಟರು. ಮೂರು ಬಕೀಟು ತುಂಬ ತುದಿಗಳನ್ನು ಕೊಯ್ದು ನೀರಿಗೆ ಹಾಕಿ ನಮ್ಮ ಮನೆಯಲ್ಲಿ, ನೀನು ಹಾಸಿಗೆ ಹಾಸುತ್ತಿದ್ದ ಮೂಲೆಯಲ್ಲಿ ಇಟ್ಟೆ. ಇವತ್ತು ಈ ಕೊಳದ ಸುತ್ತ, ದಾರಿಯ ಎರಡೂ ಬದಿಗೆ, ಗೇಟಿನ ತನಕ ಆಳೆತ್ತರ ನಿಂತಿರುವುದೆಲ್ಲ ನೀನು ಕಿತ್ತ ಗಿಡವೇ. ನೋಡಲು ಬಂದವರು ನನ್ನ ಕೈಗುಣ ಹೊಗಳುತ್ತಾರೆ. ಅದಕ್ಕೇ ಕೆಲಸ ಕಾಯಂ ಆಯಿತು, ತೋಟದ ಮೂಲೆಯಲ್ಲಿ ಇರಲು ಕೋಣೆ ಕೊಟ್ಟರು. ಒಬ್ಬನೇ ಇದ್ದೇನೆ. ಇದು ಜೇಕಿನ ಪೈಕಿಯೇ ಹೌದಾ ಅಂತ ಆಮೇಲೆ ಅಬ್ದುಲರೌಫರನ್ನು ಕೇಳಿದೆ, ಹೌದು, ಒಂದೇ ಕುಲ ಅಂದರು. ನಿನ್ನ ಬೆರಳು ತಪ್ಪಿರಲಿಲ್ಲ, ಫಕೀರಮ್ಮ. ಅವತ್ತು ಆ ಕೊಳದ ಹತ್ತಿರ ನಿಜ ಹೇಳಿದವಳು ನೀನೊಬ್ಬಳೇ. ನನ್ನ ಬಗ್ಗೆ ನನಗೇ ಅಸಹ್ಯವಾಗಿದೆ, ಅದನ್ನು ಮೂರು ವರ್ಷದ ಮೇಲೆ ಬರೆದು ಏನು ಬಂತು ಅಂತಲೂ ಗೊತ್ತು.

ಈ ಶ್ರಾವಣದ ಎರಡನೇ ಸೋಮವಾರ ನೀನು ಇಲ್ಲಿಯ ತನಕ ಬಂದು ಹೋದೆ. ನಾನು ಕುಷ್ಟಗಿಗೆ ಹೋಗಿದ್ದೆ, ನನ್ನ ನಸೀಬು ಅಷ್ಟೇ. ಗಾಳೇಶ ಎಲ್ಲ ಹೇಳಿದ. ಯಾರು ನೀವು ಅಂತ ಅವನು ಕೇಳಿದ್ದಕ್ಕೆ “ಯಾರೂ ಅಲ್ರಿ, ಅವರ ಊರ ಕಡೆಯಾಕಿ” ಅಂದೆಯಂತೆ. ಕೆಂಪು ಅಂಚಿನ ಹಳದಿ ಸೀರೆ ಉಟ್ಟಿದ್ದೆ, ಚಪ್ಪಲಿಯ ಉಂಗುಷ್ಟಕ್ಕೆ ಪಿನ್ನು ಹಾಕಿದ್ದೆ. ನಲ್ಲಿಯಲ್ಲಿ ನೀರು ಕುಡಿದು, ಗೇಟಿನ ಪಕ್ಕದ ಜೇಕಿನ ದಂಟೊಂದನ್ನು ಬೆರಳಲ್ಲಿ ಹೊರಳಿಸಿ ನೋಡಿ ಬಿಟ್ಟೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಗಂಟನ್ನು ಅವನ ಕೈಲಿ ಕೊಟ್ಟು ಹೋದೆ. ರೊಟ್ಟಿಯನ್ನು ನಾಲ್ಕು ದಿನ ಇಟ್ಟುಕೊಂಡು ತಿಂದೆ. ಗಂಟು ಕಟ್ಟಿದ್ದ ಬಟ್ಟೆಯನ್ನು ಒಗೆದಿಟ್ಟಿದ್ದೇನೆ, ಡಬ್ಬಿಯ ಬಾಯಿಗೆ ಅದನ್ನೇ ಕಟ್ಟಿದ್ದೇನೆ.

ಹಾಗಾಗಿ ಬರಬೇಡ. ನೀನು ಬಂದರೆ ಏನಾಗುತ್ತದೆ ಅಂತ ನಿನ್ನೆಯಿಂದ ಯೋಚಿಸಿ ನೋಡಿದೆ, ಒಂದು ದಾರಿಯೂ ಕಾಣಲಿಲ್ಲ. ಕೆಲಸ ಬಿಟ್ಟು ನಾನೇ ಅಲ್ಲಿಗೆ ಬರಬಹುದು. ಅದನ್ನೂ ಯೋಚಿಸಿದೆ. ಐವತ್ತೆರಡು ವರ್ಷದವನು, ಮೊಣಕಾಲು ಮಡಚಲು ಬರುವುದಿಲ್ಲ, ನಿನ್ನ ಅಣ್ಣನ ಮನೆಯಲ್ಲಿ ನಿನ್ನ ದುಡಿತ ತಿಂದುಕೊಂಡು ಕೂರಲು ನನಗೆ ಮುಖವಿಲ್ಲ. ಗಿಡಕ್ಕೆ ಮಾತ್ರ ನೀರು ತಪ್ಪಿಸಬೇಡ. ಇಷ್ಟವಿಲ್ಲದಿದ್ದರೆ ಕಿತ್ತು ಎಸೆ, ಅದೂ ನಿನ್ನ ಕೈಗೆ ರೂಢಿಯಿದೆ.

ಇಂತಿ, ನಿನ್ನ ಹೆಸರು ಹೇಳದೆ ಉಳಿದ
ಪಂಪಾಪತಿ

ತಾ.ಕ.: ರಾಜಾಸಾಬರು ಗೇಟಿನ ಹೊರಗೆ ಹಾರ್ನ್ ಹೊಡೆಯುತ್ತಿದ್ದಾರೆ. ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಶ್ರಾವಣದಲ್ಲಿ ನಾನು ಕುಷ್ಟಗಿಗೆ ಹೋಗಿರಲಿಲ್ಲ. ಗೇಟಿನ ಒಳಗೆ ಜೇಕಿನ ಹಿಂದೆ ಕೂತು ನಿನ್ನನ್ನು ನೋಡುತ್ತಿದ್ದೆ. ನಾನಿಲ್ಲ ಅಂತ ಗಾಳೇಶನ ಬಾಯಿಂದ ಹೇಳಿಸಿದವನು ನಾನೇ. ಅಮ್ಮಾರು ಜಗಲಿಯ ಮೇಲೆ ಕೂತಿದ್ದರು. ಕೋಣೆ ಕೊಟ್ಟಾಗ ಅವರು ಹೆಂಡತಿಯನ್ನು ಕರೆದುಕೊಂಡು ಬಾ ಅಂದಿದ್ದರು. ತಂದರೆ ಸಾವುಕಾರರು ನಿನ್ನ ಗುರುತು ಹಿಡಿಯುತ್ತಾರೆ, ನನ್ನ ಮೊದಲ ಸುಳ್ಳು ಬಯಲಾಗುತ್ತದೆ ಅಂತ ಹೆದರಿ, ತೀರಿಕೊಂಡಾಳ್ರಿ ಅಂದುಬಿಟ್ಟೆ. ಈ ಮಹಾನವಮಿ ಅಮಾವಾಸ್ಯೆಗೆ ಮನೆಯ ಹಿರಿಯರಿಗೆ ಎಡೆ ಇಡುವಾಗ ಅಮ್ಮಾರು ನನ್ನನ್ನು ಒಳಗೆ ಕರೆದರು. ಪಾಪ, ಮುತ್ತೈದೆಯಾಗಿ ಹೋದಾಕಿ ಅಂತ ಹಸಿರು ಸೀರೆ, ಬಳೆ ತರಿಸಿ, ನಿನ್ನ ಹೆಸರು ಕೇಳಿಕೊಂಡು ಎಡೆಯ ಮುಂದೆ ಇಟ್ಟರು. ನಾನು ಕೈ ಮುಗಿದೆ. ಎಡೆ ಎತ್ತಿದ ಮೇಲೆ ಸೀರೆಯನ್ನು ನಿಮ್ಮ ಪೈಕಿ ಒಬ್ಬ ಮುತ್ತೈದೆಗೆ ಕೊಡು ಅಂದರು. ನಿನ್ನನ್ನು ಬಿಟ್ಟು ನನಗೆ ಯಾರೂ ನೆನಪಾಗಲಿಲ್ಲ. ಅದನ್ನು ಉಡಬೇಡ, ಫಕೀರಮ್ಮ.