ಅಪ್ಪನ ಎಂಜಿನ್‌ಗೆ ಹಳೇ ಹಾರ್ನೇ ಇರಲಿ

ಸಾತ್ವಿಕ್,

ಫೋನ್ ಮನೇಲೇ ಬಿಟ್ಟು ಜಿಮ್‌ಗೆ ಹೋಗಿದ್ದೀಯ, ಅದಕ್ಕೇ ಈ ಚೀಟಿ. ಅಪ್ಪನ್ನ ಕರ್ಕೊಂಡು ಬರೋಕೆ ನಿಜಾಮುದ್ದೀನ್ ಸ್ಟೇಷನ್ನಿಗೆ ಹೊರಟೆ. ಹನ್ನೊಂದಕ್ಕೆ ಬರ್ತೀವಿ. ಕಳೆದ ಸಲ ಇಲ್ಲಿ ಬಿಟ್ಟುಹೋದ ಮಾಡೆಲ್ ರೈಲು ಎಂಜಿನ್ನಿನ ಹಾರ್ನ್ ಕೇಳದೆ ಅವರು ಕಾಫಿನೂ ಕುಡಿಯಲ್ಲ, ಗೊತ್ತಲ್ಲ?

ಅದರೊಳಗೆ ಹಾರ್ನ್ ಸದ್ದು ಬರಿಸೋ ಚಿಪ್ಪು, ಆ ಡಿಕೋಡರ್ ಕಿತ್ತು ಹೊಸದು ಹಾಕು ಅಂತ ಯಾರೋ ನಿನಗೆ ಹೇಳಿದ್ದು? ಹಳೇದು ಬಾಲ್ಕನಿಯ ಗುಜರಿ ಚೀಲದಲ್ಲಿತ್ತು! ಹೆಕ್ಕಿ ಸ್ಟೀಲ್ ಡಬ್ಬೀಲಿ ಇಟ್ಟಿದ್ದೀನಿ. ಬಂದ ತಕ್ಷಣ ಅದನ್ನೇ ವಾಪಸ್ ಹಾಕು. ಸ್ನಾನ ಆಮೇಲೆ.

ಮೋಟರಿನ ವೈರ್ ಎರಡೂ ಎಂಜಿನ್ನಿನ ಲೋಹಕ್ಕೆ ತಾಗಬಾರದು. ತಾಗಿದ್ರೆ ಡಿಕೋಡರ್ ಸುಟ್ಟುಹೋಗತ್ತೆ. ಅದಕ್ಕೆ ನಾನು ಹಾಕಿಸಿದ ರೆಕಾರ್ಡಿಂಗ್ ಬೇರೆಲ್ಲೂ ಇಲ್ಲ, ಆ ಹಳೇ ಫೋನೂ ಕಳೆದುಹೋಯ್ತು. ಬೆಸುಗೆ ಮೇಲೆ ಟೇಪ್ ಸುತ್ತು. ಅವಸರ ಮಾಡ್ಬೇಡ, ಆದ್ರೆ ಹನ್ನೊಂದರೊಳಗೆ ಮುಗಿಸು.

ಉಪ್ಪಿಟ್ಟು ಮುಚ್ಚಿಟ್ಟಿದ್ದೀನಿ. ಕೈ ತೊಳ್ಕೊಂಡು ತಿನ್ನು.

ಹೊಸದರಲ್ಲಿ ಇಪ್ಪತ್ತು ಥರದ ಹಾರ್ನ್ ಇದೆ, ಹಳೇದರಲ್ಲಿ ಹಾರ್ನ್ ಹಿಂದೆ ಏನೋ ಗಲಾಟೆ ಅಂತ ನೀನು ನಿನ್ನೆ ಹೇಳ್ತಿದ್ದೆ. ನಾನು ಲ್ಯಾಪ್‌ಟಾಪ್ ನೋಡ್ತಾ ಹ್ಞೂಂ ಅಂದೆ. ನಂದೂ ತಪ್ಪು.

ಅದು ಅಪ್ಪ ರೈಲು ಓಡಿಸಿದ ಕೊನೇ ದಿನದ ಹಾರ್ನ್ ಕಣೋ. ನೀನಾಗ ಹಾಸ್ಟೆಲ್‌ನಲ್ಲಿದ್ದೆ. ಅರಸೀಕೆರೆ ಪ್ಲಾಟ್‌ಫಾರ್ಮಿನಲ್ಲಿ ನಾನು, ಅಮ್ಮ ಹಾರ ಹಿಡ್ಕೊಂಡು ನಿಂತಿದ್ವಿ. ನಾನು ಫೋನಲ್ಲಿ ರೆಕಾರ್ಡ್ ಮಾಡ್ತಿದ್ದೆ. ಅಪ್ಪ ಹಾರ್ನ್ ಒತ್ತಿದ ಕೈ ತೆಗೀಲೇ ಇಲ್ಲ. "ಸಾಕು ಬಿಡ್ರೀ, ಕಿವಿ ಹೋಯ್ತು!" ಅಂತ ಅಮ್ಮ ನಗ್ತಾ ಕೂಗಿದ್ಳು.

ನೀನು ಗಲಾಟೆ ಅಂದಿದ್ದು ಅದೇ, ಅಮ್ಮನ ದನಿ. ಅಮ್ಮ ಹೋದಮೇಲೆ ಅಪ್ಪ ಹಾರ್ನ್ ಒತ್ತೋದು ಅದನ್ನ ಕೇಳೋಕೆ.

ಸಿಂಚನಕ್ಕ