ಒನ್ ವೇಯಲ್ಲಿ ಎರಡೂ ಕಡೆ ನೋಡುವವರಿಗೆ

೨೧೬೩ನೇ ಇಸವಿ, ಫೆಬ್ರವರಿ ಮೂವತ್ತು
ತುಮಕೂರು

ನಮ್ಮ ರಸ್ತೆಗಳ ಹಿರಿಯರೇ,

ತಾರೀಖು ನೋಡಿ ನಗಬೇಡಿ, ನಮ್ಮ ಪಂಚಾಂಗದಲ್ಲಿ ಆ ದಿನವೂ ಇದೆ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ, ತಾಳ್ಮೆಯಿಂದ ತಿದ್ದಿ ಬರೆಯುವ ಸ್ಥಿತಿಯಲ್ಲಿ ನಾನಿಲ್ಲ. ತಂಗಿ ಚಂದ್ರಕಲಾ ಕಾಲು ಮುರಿದು ಆಸ್ಪತ್ರೆಯಲ್ಲಿ ಮಲಗಿದ್ದಾಳೆ. ನಾನು ಹೊರಗಿನ ಬೆಂಚಿನಲ್ಲಿ ಕೂತು, ಎದ್ದು, ಮತ್ತೆ ಕೂತು ಇದನ್ನು ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ಕಲಾ ಒನ್ ವೇ ರಸ್ತೆ ದಾಟುತ್ತಿದ್ದಳು. ಗಾಡಿ ಬರಬೇಕಾದ ಕಡೆ ನೋಡಿದಳು, ಖಾಲಿಯಿತ್ತು, ಹೆಜ್ಜೆ ಇಟ್ಟಳು. ಬರಬಾರದ ಕಡೆಯಿಂದ ಒಂದು ಹಗುರಗಾಡಿ ಬಂತು. ನಿಮ್ಮ ಸ್ಕೂಟರಿನ ಮೊಮ್ಮಗು ಅದು, ಸದ್ದೇ ಇರುವುದಿಲ್ಲ. ಗುದ್ದಿದವನೇ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ತಂದ. "ಇಲ್ಲೇ ಪಕ್ಕದ್ ಅಂಗಡಿಗ್ ಹೋಗ್ತಿದ್ದೆ ಅಕ್ಕಾ, ಯೂ ಟರ್ನು ಅಷ್ಟು ದೂರ ಇದೆ" ಎಂದು ಕಣ್ಣೀರು ಹಾಕಿದ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಆದರೆ ದಾರಿಗಣ್ಣು, ಎರಡೂ ಕಡೆ ನೋಡದ ಕಲಾಳದ್ದೇ ತಪ್ಪು ಎಂದಿದೆ. ದಾರಿಗಣ್ಣು ಎಂದರೆ ಕಂಬಕಂಬದ ಮೇಲಿರುವ ಯಂತ್ರ. ನಮ್ಮಲ್ಲಿ ಟ್ರಾಫಿಕ್ ಪೊಲೀಸರಿಲ್ಲ, ಹಿಡಿಯುವುದೂ ಅದೇ, ತೀರ್ಪು ಕೊಡುವುದೂ ಅದೇ. ಅದಕ್ಕೆ ರಸ್ತೆಯ ನ್ಯಾಯ ಕಲಿಸಿದ್ದು ನಿಮ್ಮ ಕಾಲದ ಕ್ಯಾಮೆರಾ ಚಿತ್ರಗಳಿಂದ. ನೀವು ಹಿಡಿದದ್ದು ಅಪರಾಧ, ನೀವು ಬಿಟ್ಟದ್ದು ರೂಢಿ. ಹಾಗಾಗಿ ಹೆಲ್ಮೆಟ್ಟಿನ ಪಟ್ಟಿ ಸಡಿಲವಾದರೆ, ನಂಬರ್ ಪ್ಲೇಟಿಗೆ ಕೆಸರು ಮೆತ್ತಿದರೆ ನಮ್ಮೂರಲ್ಲಿ ಯಾರೂ ಪಾರಾಗುವುದಿಲ್ಲ. ಎದುರು ದಿಕ್ಕಿನಿಂದ ನುಗ್ಗುವವರಿಗೆ ಮಾತ್ರ ರಾಜಮರ್ಯಾದೆ.

ಆ ಚಿತ್ರಗಳಲ್ಲಿ ಒಂದನ್ನು ನಮ್ಮ ವಕೀಲೆ ಗುಲ್ಜಾರ್ ಬಾನು ತೋರಿಸಿದರು. ತಿರುವಿನಲ್ಲಿ ಮರದ ಮರೆಗೆ ನಿಂತ ಪೇದೆ ಹೆಲ್ಮೆಟ್ ಇಲ್ಲದವನೊಬ್ಬನನ್ನು ಹಿಡಿದು ದಂಡ ಹಾಕುತ್ತಿದ್ದಾನೆ. ಅಷ್ಟರಲ್ಲಿ ಎದುರು ದಿಕ್ಕಿನಿಂದ ನೀರಿನ ಟ್ಯಾಂಕರ್ ಬರುತ್ತದೆ, ಹೆಡ್‌ಲೈಟ್ ಮಿನುಗಿಸುತ್ತ. ಪೇದೆ ತಲೆ ಕೂಡ ಎತ್ತದೆ ಹಿಂದೆ ಸರಿದು ದಾರಿ ಬಿಡುತ್ತಾನೆ. ಸಿಕ್ಕಿಬಿದ್ದವನೂ ಸರಿಯುತ್ತಾನೆ. "ಸರಿಯದೆ ನಿಂತೋರದ್ದೇ ತಪ್ಪು ಅಂತ ಈ ಯಂತ್ರ ತಿಳ್ಕೊಂಡ್ಬಿಟ್ಟಿದೆ ಕಣಮ್ಮ" ಎಂದರು ವಕೀಲೆ.

ತೀರ್ಪು ಉಳಿದರೆ ಕಲಾಳ ನಡೆಚೀಟಿ ರದ್ದಾಗುತ್ತದೆ. ರಸ್ತೆಯಲ್ಲಿ ಒಬ್ಬರೇ ನಡೆಯಲು ನಮಗೆ ಆ ಚೀಟಿ ಬೇಕು. ಮನೆಮನೆಗೆ ಹೋಗಿ ಬಾಣಂತಿಯರಿಗೆ ಎಣ್ಣೆ ನೀರು ಹಾಕುವವಳು ಅವಳು. ಇನ್ನು ಗೇಟು ದಾಟುವುದಕ್ಕೂ ಯಾರಾದರೂ ಕೈ ಹಿಡಿಯಬೇಕು.

ಮೇಲ್ಮನವಿಗೆ ಉಳಿದಿರುವುದು ಒಂದೇ ದಾರಿ. ನಿಮ್ಮ ಕಾಲದಲ್ಲಿ ಒನ್ ವೇಯನ್ನು ಒಂದೇ ಕಡೆ ನೋಡಿ ನೆಮ್ಮದಿಯಾಗಿ ದಾಟಿದ ಒಬ್ಬರನ್ನಾದರೂ ಆ ಚಿತ್ರಗಳಲ್ಲಿ ತೋರಿಸಬೇಕು. ಹುಡುಕಿ ಹುಡುಕಿ ಕಣ್ಣು ಉರಿಯುತ್ತಿದೆ. ಅಜ್ಜಿಯರು, ಯೂನಿಫಾರ್ಮಿನ ಮಕ್ಕಳು, ತಳ್ಳುಗಾಡಿಯವರು, ಖುದ್ದು ಪೊಲೀಸರು, ಎಲ್ಲರೂ ಕೈ ಅಡ್ಡ ಚಾಚಿಕೊಂಡು ಆ ಕಡೆ ಈ ಕಡೆ ಕತ್ತು ತಿರುಗಿಸುತ್ತಾರೆ. ಎಷ್ಟು ಅಭ್ಯಾಸವಾಗಿದೆ ನಿಮಗೆ ಎಂದರೆ ಯಾರ ಮುಖದಲ್ಲೂ ಸಿಟ್ಟೇ ಕಾಣುವುದಿಲ್ಲ.

ಹೆಲ್ಮೆಟ್ ಇಲ್ಲದವರನ್ನು ಹಿಡಿಯುವುದನ್ನು ಬಿಡಿ ಎನ್ನುತ್ತಿಲ್ಲ, ಅದೂ ಬೇಕು. ಎದುರಿನಿಂದ ಬರುವವರನ್ನು ಮೊದಲು ನಿಲ್ಲಿಸಿ. ಗಾಡಿಯ ಮೇಲಿರುವವರು ನೀವೇ ಆದರೆ, ದಮ್ಮಯ್ಯ, ಆ ಯೂ ಟರ್ನ್ ತನಕ ಹೋಗಿ ಬನ್ನಿ. ನಿಮ್ಮಲ್ಲಿ ಒಬ್ಬರು, ಒಬ್ಬರೇ ಒಬ್ಬರು, ಒಂದೇ ಕಡೆ ನೋಡಿ ದಾಟಿಬಿಟ್ಟರೆ ನನ್ನ ತಂಗಿ ಗೆಲ್ಲುತ್ತಾಳೆ. ಹಾಗೆ ದಾಟಿ ಎಂದು ಕೇಳಲೆಂದೇ ಈ ಕಾಗದ ಶುರು ಮಾಡಿದೆ. ಒಳಗೆ ಕಲಾ ನರಳುವುದು ಕೇಳಿಸುತ್ತಿದೆ.

ಬೇಡ. ರಸ್ತೆ ಸರಿಹೋಗುವ ತನಕ ನೀವು ಎರಡೂ ಕಡೆ ನೋಡಿಯೇ ದಾಟಿ.

ಇಂತಿ,
ಸುಗುಣಾ