ಮೂರು ಸಿದ್ಧಾಂತಗಳೂ ಕಿಟಕಿ ಪಕ್ಕದ ಕುರ್ಚಿಯೂ

ಮಾನ್ಯ ವಾಣಿಜ್ಯ ಸಚಿವರೇ,

ನೆರೆದೇಶಕ್ಕೆ ಬುದ್ಧಿ ಕಲಿಸಲೆಂದು ತಾವು ನಮ್ಮ ಅದಿರಿನ ರಫ್ತಿಗೆ ಬೀಗ ಜಡಿದಿರಿ. ಅವರು ತಿರುಗಿ ಡಯಾಲಿಸಿಸ್ ಫಿಲ್ಟರುಗಳ ರಫ್ತಿಗೆ ಬೀಗ ಜಡಿದರು. ಎರಡೂ ಕಡೆಯವರ ಮಾನ ಉಳಿಯಿತು, ನನ್ನ ತಂಗಿಯ ಪ್ರಾಣ ಉಳಿಯುವುದು ಅನುಮಾನ. ಪತ್ರದ ಸಾರ ಇಷ್ಟೇ. ತಮಗೆ ಪುರುಸೊತ್ತಿಲ್ಲದಿದ್ದರೆ ಇಲ್ಲಿಗೇ ಮಡಚಿಡಬಹುದು. ಪತ್ರಿಕೆಗೆ ಕೊಟ್ಟಿರುವುದರಿಂದ ಮಿಕ್ಕವರಾದರೂ ಪೂರ್ತಿ ಓದುತ್ತಾರೆ.

ನಾನು ಕಾಲೇಜಿನ ಮೊದಲ ವರ್ಷದವರಿಗೆ ಅಂತಾರಾಷ್ಟ್ರೀಯ ರಾಜಕೀಯ ಅರ್ಥಶಾಸ್ತ್ರದ ಪರಿಚಯ ಪಾಠ ಮಾಡುವವಳು. ಹೆಸರು ಉದ್ದ, ವಿಷಯ ಸರಳ: ದೇಶ ದೇಶಗಳ ನಡುವೆ ಸರಕು ಓಡಾಡುವಾಗ ಯಾರ ಕೈ ಮೇಲಾಗುತ್ತದೆ, ಏಕೆ? ಇದಕ್ಕೆ ಮೂರು ಹಳೆಯ ಉತ್ತರಗಳಿವೆ. ಯಾವುದು ಎಲ್ಲಿ ಅಗ್ಗವಾಗಿ ತಯಾರಾಗುತ್ತದೋ ಅಲ್ಲೇ ತಯಾರಾಗಲಿ, ಎಲ್ಲರೂ ಕೊಂಡು ಮಾರಿ ಸುಖವಾಗಿರಲಿ ಎನ್ನುತ್ತದೆ ಉದಾರವಾದ. ವ್ಯಾಪಾರವೂ ಬಲಾಬಲದ ಕಣವೇ, ನನಗೆ ಎಷ್ಟು ಸಿಕ್ಕಿತು ಎನ್ನುವುದಕ್ಕಿಂತ ಪಕ್ಕದವನಿಗಿಂತ ಹೆಚ್ಚು ಸಿಕ್ಕಿತೇ ಎನ್ನುವುದು ಮುಖ್ಯ ಎನ್ನುತ್ತದೆ ವಣಿಕವಾದ. ಈ ಎರಡೂ ಉಳ್ಳವರ ಆಟ, ಬೆವರು ಸುರಿಸುವವರು ಹೇಗೂ ಸೋಲುತ್ತಾರೆ ಎನ್ನುತ್ತದೆ ಮಾರ್ಕ್ಸ್‌ವಾದ.

ಇದನ್ನು ನಾನು ಆಟವಾಡಿಸಿ ಕಲಿಸುತ್ತೇನೆ. ಒಂದು ಬೆಂಚಿಗೆ ಮೊನೆ ಮುರಿದ ಪೆನ್ಸಿಲುಗಳು, ಒಂದಕ್ಕೆ ಹಾಳೆಗಳು, ಇನ್ನೊಂದಕ್ಕೆ ಶಾರ್ಪನರುಗಳು. ಮೊದಲ ಸುತ್ತಿನಲ್ಲಿ ಕೊಟ್ಟು ತೆಗೆದುಕೊಂಡು ಎಲ್ಲರೂ ಬರೆಯುತ್ತಾರೆ. ಎರಡನೆಯ ಸುತ್ತಿಗೆ ಮುಂಚೆ, ಪಕ್ಕದ ಬೆಂಚನ್ನು ಹಿಂದಿಕ್ಕಿದವರಿಗಷ್ಟೇ ಅಂಕ ಎನ್ನುತ್ತೇನೆ. ಈ ವರ್ಷ ಒಬ್ಬ ಹುಡುಗಿ ಶಾರ್ಪನರುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಕೂತಳು. ತರಗತಿಯಲ್ಲಿ ಯಾರೂ ಒಂದಕ್ಷರ ಬರೆಯಲಿಲ್ಲ. ಕೇಳಿದರೆ, "ಬರೆಯೋಕಾಗದೇ ಇದ್ರೆ ಏನಂತೆ ಮೇಡಂ, ಗೆದ್ದಿದ್ದು ನಾವೇ ಅಲ್ವಾ?" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಗಂಟೆ ಹೊಡೆಯಿತು, ಸಾಮಾನು ಪೆಟ್ಟಿಗೆಗೆ ವಾಪಸು ಬಂತು. ಆ ಹುಡುಗಿಯನ್ನು ತಮ್ಮ ಇಲಾಖೆಗೆ ಶಿಫಾರಸು ಮಾಡಬೇಕಿತ್ತೆಂದು ಈಗ ಅನ್ನಿಸುತ್ತದೆ.

ನನ್ನ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಒಂದು ಸಿದ್ಧಾಂತ ಬರೆಯಲು ತಿಣುಕುತ್ತಾರೆ. ತಾವಾದರೋ ಮೂರನ್ನೂ ಅರೆದು ಕುಡಿದವರು. ನಮ್ಮೂರ ಹೊರವಲಯದಲ್ಲೇ ಒಂದು ಫಿಲ್ಟರ್ ಕಾರ್ಖಾನೆಯಿತ್ತು. ನೆರೆದೇಶದ ಮಾಲು ಅಗ್ಗ ಎಂದು ಕಂಡಾಗ ತಾವು ಉದಾರವಾದಿಗಳಾಗಿ ಆಮದು ಸುಂಕ ತೆಗೆದಿರಿ. ಕಾರ್ಖಾನೆ ಮುಚ್ಚಿತು, ಯಂತ್ರಗಳು ಗುಜರಿಗೆ ಹೋದವು, ಮಾರುಕಟ್ಟೆಯ ತೀರ್ಪಿಗೆ ತಲೆಬಾಗಬೇಕೆಂದು ತಾವು ಕೆಲಸ ಕಳೆದುಕೊಂಡವರಿಗೆ ಉಪದೇಶ ಮಾಡಿದಿರಿ. ಗಡಿಯಲ್ಲಿ ಜಗಳವಾದಾಗ ವಣಿಕವಾದಿಗಳಾಗಿ ಅದಿರು ನಿಲ್ಲಿಸಿದಿರಿ, ಅವರು ಮಂಡಿಯೂರಿ ಬರುತ್ತಾರೆಂದು ಚಪ್ಪಾಳೆ ಗಿಟ್ಟಿಸಿದಿರಿ. ಫಿಲ್ಟರು ಬರುವುದು ನಿಂತಾಗ ಇದ್ದಕ್ಕಿದ್ದಂತೆ ಮಾರ್ಕ್ಸ್‌ವಾದಿಗಳಾಗಿ, ಇದೆಲ್ಲ ಬಲಾಢ್ಯ ದೇಶಗಳ ಶೋಷಣೆ ಎಂದು ವೇದಿಕೆಯ ಮೇಲೆ ಗದ್ಗದಿತರಾದಿರಿ. ಸ್ವಾಮಿ, ಸಿದ್ಧಾಂತಗಳು ಇರುವುದು ಜಗತ್ತನ್ನು ಅರ್ಥಮಾಡಿಕೊಳ್ಳಲಿಕ್ಕೋ, ಜವಾಬ್ದಾರಿಯಿಂದ ನುಣುಚಿಕೊಳ್ಳಲಿಕ್ಕೋ?

ಡಯಾಲಿಸಿಸ್ ಕೋಣೆಯನ್ನು ತಾವು ನೋಡಿರಲಾರಿರಿ. ಮೂತ್ರಪಿಂಡ ಕೈಕೊಟ್ಟವರ ರಕ್ತವನ್ನು ಅಲ್ಲಿ ಯಂತ್ರ ಶುದ್ಧಮಾಡುತ್ತದೆ. ಗೇಣುದ್ದದ ಆ ಪ್ಲಾಸ್ಟಿಕ್ ಫಿಲ್ಟರು ಇಲ್ಲದಿದ್ದರೆ ಯಂತ್ರ ಇದ್ದೂ ಇಲ್ಲದಂತೆ. ಒಂದೇ ಫಿಲ್ಟರನ್ನು ತೊಳೆದು ಅದೇ ರೋಗಿಗೆ ಮತ್ತೆ ಹಾಕುವ ರೂಢಿ ಮೊದಲಿನಿಂದಲೂ ಇದೆ. ಈಗ ತೊಳೆಯಬಾರದಷ್ಟು ಸಲ ತೊಳೆಯುತ್ತಿದ್ದಾರೆ. ವಾರಕ್ಕೆ ಮೂರು ಬಾರಿ ಇದ್ದದ್ದು ಎರಡಾಗಿದೆ. ತಂಗಿಯ ಪಾದ ಊದಿ ಚಪ್ಪಲಿಯೊಳಗೆ ಹೋಗುವುದಿಲ್ಲ, ಮಲಗಿದರೆ ಉಸಿರು ಕಟ್ಟುತ್ತದೆಂದು ದಿಂಬು ಪೇರಿಸಿ ಒರಗಿಕೊಂಡೇ ಇರುತ್ತಾಳೆ.

ಆ ಕೋಣೆಯಲ್ಲಿ ರೋಗಿಗಳೇ ಮಾಡಿಕೊಂಡ ಒಂದು ಕಟ್ಟಳೆಯಿದೆ. ಕಿಟಕಿ ಪಕ್ಕದ ಕುರ್ಚಿ ಎಲ್ಲರಿಗಿಂತ ಹಳಬರಿಗೆ. ಹೊರಗೆ ಕಾಣುವುದು ಬಸ್ ನಿಲ್ದಾಣವಷ್ಟೇ, ಆದರೂ ಗಂಟೆಗಟ್ಟಲೆ ಕೈ ಅಲುಗಿಸದೆ ಕೂರುವವರಿಗೆ ಅದೇ ಸಿನಿಮಾ. ತಂಗಿಯದು ಬಾಗಿಲ ಬಳಿಯ ಕುರ್ಚಿ, ಅವಳಿಗಿಂತ ಹಳಬರ ದೊಡ್ಡ ಸಾಲೇ ಇತ್ತು. ತನ್ನ ಸರದಿ ಬರುವಷ್ಟರಲ್ಲಿ ಹಲ್ಲು ಉದುರಿರುತ್ತವೆ ಎಂದು ತಮಾಷೆ ಮಾಡುತ್ತಿದ್ದಳು. ತಾವು ಅದಿರು ನಿಲ್ಲಿಸಿದ ಮೇಲೆ ಆ ಸಾಲು ಬೇಗ ಬೇಗ ಸರಿಯತೊಡಗಿತು. ಮೊದಲು ನಿವೃತ್ತ ಪೋಸ್ಟ್‌ಮಾಸ್ಟರು, ಆಮೇಲೆ ಬಟ್ಟೆ ಹೊಲಿಯುವ ಹೆಂಗಸು, ಆಮೇಲೆ ಸದಾ ಪದಬಂಧ ಬಿಡಿಸುತ್ತಿದ್ದ ಲಾರಿ ಡ್ರೈವರು. ಯಾರು ಯಾಕೆ ಬರಲಿಲ್ಲವೆಂದು ಯಾರೂ ಕೇಳುವುದಿಲ್ಲ. ನರ್ಸಮ್ಮ ಕುರ್ಚಿ ಒರೆಸಿ ಮುಂದಿನವರನ್ನು ಕರೆಯುತ್ತಾರೆ. ಹೋದ ವಾರ ನಾನು ಹೋದಾಗ ತಂಗಿ ಕಿಟಕಿ ಪಕ್ಕದಲ್ಲಿ ಕೂತಿದ್ದಳು.

"ಈಗ ಇಲ್ಲಿ ನಾನೇ ಹಳಬಳು ಕಣಕ್ಕ" ಎಂದಳು.

ನಾನು ಬಸ್ಸಿನ ಬೋರ್ಡು ಓದುವವಳಂತೆ ಹೊರಗೆ ನೋಡುತ್ತ ನಿಂತೆ. ಅಂಥ ಭಯ ನನಗೆ ಹಿಂದೆಂದೂ ಆಗಿರಲಿಲ್ಲ.

ತಮ್ಮ ಕಚೇರಿಗೆ ಫೋನ್ ಮಾಡಿದೆ. ತಮ್ಮ ಆಪ್ತರೊಬ್ಬರು ಬಲು ವಿನಯದಿಂದ, "ಮೊದಲು ನಾವೇ ಬಗ್ಗಿದ್ರೆ ದೇಶದ ಮರ್ಯಾದೆ ಏನಾಗ್ಬೇಕು ಹೇಳಿ" ಎಂದರು. ಆ ಕಡೆಯೂ ಯಾರೋ ಯಾರಿಗೋ ಇದೇ ಮಾತು ಹೇಳುತ್ತಿರಬೇಕು. ಅಲ್ಲಿ ಅದಿರಿಲ್ಲದೆ ಕುಲುಮೆಗಳು ಆರುತ್ತಿವೆಯಂತೆ, ಕೆಲಸಗಾರರು ಬೀದಿಗೆ ಬಿದ್ದಿದ್ದಾರಂತೆ. ಇಂದು ಫಿಲ್ಟರು. ನಾಳೆ ಇನ್ಸುಲಿನ್ನೋ, ಅರಿವಳಿಕೆ ಮದ್ದೋ? ಅಗ್ಗ ಎಂದು ಇನ್ನೂ ಏನೇನನ್ನು ಅವರ ಕೈಗೆ ಒಪ್ಪಿಸಿ ಕೂತಿದ್ದೀರಿ? ಅದು ತಮಗಾದರೂ ಗೊತ್ತಿದೆಯೇ?

ನನ್ನ ಬೇಡಿಕೆ ಒಂದೇ. ಒಂದು ಹಡಗು ಅದಿರು ಬಿಡಿ, ಒಂದು ಹಡಗು ಫಿಲ್ಟರು ತರಿಸಿ. ಅದನ್ನು ಮುಕ್ತ ವ್ಯಾಪಾರ ಅನ್ನಿ, ರಾಷ್ಟ್ರಹಿತ ಅನ್ನಿ, ಶೋಷಿತರ ಜಯ ಅನ್ನಿ. ತಾವು ಇಟ್ಟ ಹೆಸರನ್ನೇ ತರಗತಿಯಲ್ಲಿ ಹೇಳಿಕೊಡುತ್ತೇನೆ. ಆದರೆ ಬೇಗ ಮಾಡಿ. ಗುರುವಾರ ತಂಗಿಯ ಸರದಿ. ಫಿಲ್ಟರಿದ್ದರೆ ಕರೆಯುತ್ತೇವೆ, ಕರೆಯದಿದ್ದರೆ ಬರಬೇಡಿ ಎಂದಿದ್ದಾರೆ ಆಸ್ಪತ್ರೆಯವರು. ಕರೆ ಬಾರದಿದ್ದರೆ ಶುಕ್ರವಾರ ಅವಳನ್ನು ತಮ್ಮ ಕಚೇರಿಗೇ ಕರೆತರುತ್ತೇನೆ. ಅವಳು ಮೆಟ್ಟಿಲು ಹತ್ತಲಾರಳು. ತಾವೇ ಕೆಳಗಿಳಿದು ಬಂದು, ಮೂರರಲ್ಲಿ ಯಾವ ಸಿದ್ಧಾಂತದ ಪ್ರಕಾರ ಅವಳು ಸಾಯುತ್ತಿದ್ದಾಳೆಂದು ಅವಳಿಗೇ ತಿಳಿಸಿ ಹೇಳಬೇಕು.

ಇಂತಿ,
ತಮ್ಮ ಗೆಲುವುಗಳಿಂದ ಬಸವಳಿದಿರುವ,
ಮೊದಲ ವರ್ಷದ ಪಾಠದ ಮೇಡಂ